ದರ್ಜಿಯ ನರಹುಲಿ

ದರ್ಜಿಯ ಬೆರಳ ತುಂಬ ನರಹುಲಿ ಎದ್ದು, ಸೂಜಿ ಚುಚ್ಚದಿರಲೆಂದು ತೊಡುವ ಲೋಹದ ಟೋಪಿಯೂ ಬೆರಳಿಗೆ ಹಿಡಿಸದಂತಾಗಿತ್ತು. ಹೋದ ವರ್ಷ ತನ್ನದೊಂದು ಕಿಡ್ನಿ ಕೊಟ್ಟು ಅವನನ್ನು ಉಳಿಸಿಕೊಂಡ ಅಕ್ಕನೇ ಆಸ್ಪತ್ರೆಗೆ ಎಳೆದುತಂದಳು.

"ಅಕ್ಕನ ಕಿಡ್ನೀನ ನಿಮ್ಮ ಮೈ ಹೊರಗೆ ದಬ್ಬಬಾರ್ದು ಅಂತ ಮಾತ್ರೆ ಕೊಟ್ಟು ಒಳಗಿನ ಕಾವಲುಗಾರನ್ನ ಮಲಗಿಸಿದೀವಿ," ಎಂದರು ಡಾಕ್ಟರು. "ಬಾಗಿಲು ತೆರೆದಿದೆ ಅಂತ ಈ ನರಹುಲಿ ವೈರಸ್ಸೂ ನುಗ್ಗಿದೆ."

ದರ್ಜಿಯ ಬಾಯಿಗಂತೂ ಹುಟ್ಟಿದಾಗಿನಿಂದ ಕಾವಲಿಲ್ಲ. "ನಮ್ಮಕ್ಕ ಯಾವತ್ತು ಒಬ್ಬಳೇ ಬಂದಿದಾಳೆ ಡಾಕ್ಟ್ರೇ? ಬಂದ್ರೆ ಮಕ್ಕಳು ಮರಿ, ಮೈದುನ, ನಾದಿನಿ ಎಲ್ಲರನ್ನೂ ಕಟ್ಕೊಂಡೇ ಬರ್ತಾಳೆ."

ಅಕ್ಕ ದುರುಗುಟ್ಟಿ ನೋಡಿದಳು. "ಸರಿ ಡಾಕ್ಟ್ರೇ, ನೆಂಟರನ್ನೆಲ್ಲ ಒಟ್ಟಿಗೇ ಕಳಿಸ್ಕೊಡಿ. ನಂದು ನಾನು ತಗೊಂಡು ಹೋಗ್ತೀನಿ."

ದರ್ಜಿ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡ. "ಅಯ್ಯೋ, ಇಷ್ಟು ಬೇಗ ಹೊರಡೋದಾ? ಇನ್ನೂ ನಾಲ್ಕು ದಿನ ಇದ್ದು ಹೋಗಕ್ಕಾ!"