ಇವತ್ತು ರಕ್ತ ಕಳಿಸಿಲ್ಲ

ಆ ವಾರ್ಡಿನಲ್ಲಿ ಬೆಳಗಾಗುತ್ತಿದ್ದುದೇ ಸೂಜಿಯಿಂದ. ಜ್ವರ ಇರಲಿ ಬಿಡಲಿ, ಹಾಸಿಗೆ ಹಿಡಿದವರೆಲ್ಲ ರಕ್ತಪರೀಕ್ಷೆಗೆ ತೋಳು ಚಾಚಲೇಬೇಕು. ದೊಡ್ಡ ಡಾಕ್ಟರು ರೌಂಡ್ಸಿಗೆ ಬಂದು "ಇವತ್ತಿನ ರಿಪೋರ್ಟು?" ಎನ್ನುವರು, ಕಿರಿಯರು ಗಿಣಿಪಾಠ ಒಪ್ಪಿಸುವರು, ಮೆರವಣಿಗೆ ಮುಂದಿನ ಹಾಸಿಗೆಗೆ ಸಾಗುವುದು.

ಹೊಸದಾಗಿ ಸೇರಿದ ಡಾಕ್ಟರಮ್ಮನೂ ತಲೆ ತಗ್ಗಿಸಿಕೊಂಡು ಇದನ್ನೇ ಮಾಡುತ್ತಿದ್ದಳು, ಕಿಟಕಿ ಪಕ್ಕದ ತಾತ ಗಂಟುಬೀಳುವ ತನಕ. ತಾತ ಬಸ್ಸು ಓಡಿಸಿ ನಿವೃತ್ತರಾದವರು. ನ್ಯುಮೋನಿಯಾ ಎಂದು ಬಂದವರು ಈಗ ಜ್ವರ ಬಿಟ್ಟು, ಔಷಧ ಮುಗಿದು, ಪಕ್ಕದವನ ಬ್ರೆಡ್ಡಿನ ಮೇಲೂ ಕಣ್ಣು ಹಾಕುವಷ್ಟು ಗಟ್ಟಿಯಾಗಿದ್ದರು. ಆದರೆ ದಿನಾ ರಿಪೋರ್ಟಿನಲ್ಲಿ ಏನಾದರೊಂದು ಕೂದಲೆಳೆಯಷ್ಟು ಹೆಚ್ಚೋ ಕಡಿಮೆಯೋ. "ನಾಳೆ ಇನ್ನೊಂದ್ಸಲ ನೋಡೋಣ" ಎನ್ನುವುದು, ನಾಳೆ ಅದು ಸರಿಹೋಗಿ ಇನ್ನೊಂದು ಕೈಕೊಡುವುದು. ಪಾಪ, ತೋಳು ನೇರಳೆ ಬಣ್ಣಕ್ಕೆ ತಿರುಗಿತ್ತು.

ಮೇಲಿನ ಮಹಡಿಯಲ್ಲಿ ತಾತನ ಮಗಳು ಹೆತ್ತಿದ್ದಳು. ತಾಯಿ ಮಗು ಮನೆಗೆ ಹೊರಡುವ ದಿನ ಇವತ್ತೇ.

"ಮೊಮ್ಮಗಳನ್ನ ನಾನೇ ಎತ್ಕೊಂಡು ಹೋಗ್ಬೇಕು ಕಣಮ್ಮಾ," ಎಂದರು ತಾತ. "ಕಂಡೋರ ಮಕ್ಕಳನ್ನೆಲ್ಲ ಮನೆ ಮುಟ್ಟಿಸಿದೋನು ನಾನು. ಇದೊಂದು ಟ್ರಿಪ್ಪು ತಪ್ಪಿಸ್ಬೇಡ."

ಡಾಕ್ಟರಮ್ಮ ಅವರ ಎದೆ ಪರೀಕ್ಷಿಸಿದಳು. ವರಾಂಡದಲ್ಲಿ ನಡೆಸಿ ನೋಡಿದಳು. ಏದುಸಿರು ಬಂದದ್ದು ಅವಳಿಗೇ. ಇನ್ನು ರಕ್ತ ತೆಗೆದು ತಿಳಿಯುವುದೇನಿದೆ? ಸೂಜಿ ಹಿಡಿದು ಬಂದ ನರ್ಸಕ್ಕನಿಗೆ "ಇವರಿಗೆ ಬೇಡ" ಎಂದಳು.

ಮೆರವಣಿಗೆ ಬಂತು.

"ಇವತ್ತಿನ ರಿಪೋರ್ಟು?"

"ರಕ್ತ ಕಳಿಸಿಲ್ಲ ಸರ್."

ದೊಡ್ಡ ಡಾಕ್ಟರು ಅವಳತ್ತ ತಿರುಗಿದರು.

"ಯಾಕೆ?"

"ಏನು ಬಂದಿದ್ರೂ ನಾವು ಬೇರೇನೂ ಮಾಡ್ತಿರ್ಲಿಲ್ಲ ಸರ್. ಜ್ವರ ಇಲ್ಲ, ಎದೆ ಚೆನ್ನಾಗಿದೆ, ನಡಿಗೇಲಿ ನನ್ನನ್ನೇ ಸೋಲಿಸಿದ್ರು."

"ಮತ್ತೆ ಇಷ್ಟು ದಿನ ಯಾಕೆ ಕಳಿಸಿದ್ರಿ?"

ಅವಳಿಗೆ ಸುಳ್ಳು ಹೊಳೆಯಲಿಲ್ಲ. "ನೀವು ಕೇಳ್ತೀರಿ ಅಂತ ಸರ್."

ದೊಡ್ಡ ಡಾಕ್ಟರು ಕನ್ನಡಕ ತೆಗೆದರು. "ಅಯ್ಯೋ, ನೀವು ಅಷ್ಟು ಕಷ್ಟಪಟ್ಟು ತರಿಸಿಟ್ಟಿರ್ತೀರಿ, ಕೇಳ್ದೆ ಇದ್ರೆ ಬೇಜಾರಾಗುತ್ತೆ ಅಂತ ನಾನು ಕೇಳ್ತಿದ್ದೆ!"

"ಚೆನ್ನಾಯ್ತು!" ಎಂದರು ತಾತ. "ನಿಮ್ಮಿಬ್ಬರ ದಾಕ್ಷಿಣ್ಯಕ್ಕೆ ನನ್ನ ತೋಳು ಬಲಿಯಾಯ್ತಲ್ಲಪ್ಪಾ!"

ಮೊದಲು ನಕ್ಕವರು ದೊಡ್ಡ ಡಾಕ್ಟರೇ. ಆಮೇಲೆ ಇಡೀ ವಾರ್ಡು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಡಾಕ್ಟರಮ್ಮನಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ದೊಡ್ಡವರು ತಾತನ ಎದೆಗೆ ಸ್ವತಃ ಕಿವಿಗೊಟ್ಟು, ಬೆನ್ನು ತಟ್ಟಿ, "ಮನೆಗೆ ಹೊರಡಿ" ಎಂದರು. ಮುಂದಿನ ಹಾಸಿಗೆಯ ಮುಂದೆ ನಿಂತು "ಇವತ್ತಿನ ರಿ..." ಎಂದವರು, ಉಳಿದದ್ದನ್ನು ನುಂಗಿ ಹಾಸಿಗೆಯ ಅಂಚಿನಲ್ಲಿ ಕೂತರು. "ರಾತ್ರಿ ನಿದ್ದೆ ಬಂತೇನಪ್ಪಾ?"

ಆತ ಎಷ್ಟೋ ದಿನದಿಂದ ಕಾದಿದ್ದವನಂತೆ ಮಾತು ಶುರುವಿಟ್ಟುಕೊಂಡ. ರೌಂಡ್ಸು ಮುಗಿಯುವಷ್ಟರಲ್ಲಿ ಮಧ್ಯಾಹ್ನವಾಯಿತು.

ಡಾಕ್ಟರಮ್ಮ ಕಿಟಕಿಯಿಂದ ಕೆಳಗೆ ಇಣುಕಿದಳು. ಗೇಟಿನತ್ತ ತಾತ ಹೊರಟಿದ್ದರು. "ಅಪ್ಪಾ, ನಿಧಾನ!" ಎಂದು ಮಗಳು ಹಿಂದೆ ಹಿಂದೆ. ಡಾಕ್ಟರಮ್ಮ ಕೈ ಬೀಸಿದಳು. ತಾತ ಬೀಸಲಿಲ್ಲ, ಎರಡೂ ಕೈ ತುಂಬಿದ್ದವು. ಕತ್ತೆತ್ತಿ ನೋಡಿ, ಬಾಯಲ್ಲೇ ಹಾರ್ನ್ ಹೊಡೆದರು: "ಪೋಂ, ಪೋಂ!"