ಹತ್ತು ಬೆರಳು ಮಡಿಸುವಷ್ಟು ಹೊತ್ತು

ಪುಟ್ಟಿ ಮಂಚದ ಮೇಲೆ ಕೂತು, ಎರಡೂ ಕೈಯ ಬೆರಳುಗಳಿಂದ ಕಣ್ಣುರೆಪ್ಪೆಗಳನ್ನು ಮೇಲಕ್ಕೆ ಎತ್ತಿ ಹಿಡಿದಿದ್ದಳು.

"ಕೈ ತೆಗಿ ಕಂದ. ಬೆಳಿಗ್ಗೆ ನಾಲ್ಕಕ್ಕೇ ಎದ್ದಿದ್ದೀಯ. ಸ್ವಲ್ಪ ಮಲಗು," ಎಂದು ಅವಳ ತಾಯಿ ಮತ್ತೊಮ್ಮೆ ದಿಂಬು ಸರಿಮಾಡಿದಳು.

"ಮಲಗಲ್ಲ."

"ಯಾಕೆ?"

"ಅಜ್ಜಿ ಮಲಗಿ ಏಳ್ತಾನೇ ಇಲ್ಲ."

ಬಾಗಿಲಲ್ಲಿ ನಿಂತಿದ್ದ ತಾತ ಹಿಂದಿರುಗಿ ನೋಡಿದರು. ಹೊರಗಿನ ಕೋಣೆಯಲ್ಲಿ ಬಿಳಿ ಹೊದಿಕೆಯಡಿ ಇದ್ದದ್ದು ಅವರ ಹೆಂಡತಿ, ಮೂವತ್ತು ವರ್ಷ ಶಿಶುವಿಹಾರದಲ್ಲಿ ಮಕ್ಕಳಿಗೆ ಕಲಿಸಿದ ಟೀಚರು. ನಸುಕಿನಲ್ಲಿ ಪ್ರಾಣ ಹೋಗಿತ್ತು. ಮಧ್ಯಾಹ್ನ ಮೂರಕ್ಕೆ ಸ್ಮಶಾನಕ್ಕೆ ಒಯ್ಯುವ ಗಾಡಿ ಬರುವುದಿತ್ತು. ನಾಲ್ಕೂವರೆ ವರ್ಷದ ಮೊಮ್ಮಗಳಿಗೆ ಏನು ಹೇಳುವುದೆಂದು ಎಲ್ಲರೂ ತಡಬಡಾಯಿಸುತ್ತಿದ್ದಾಗ ತಾತನ ಅಕ್ಕ ಮುಂದೆ ಬಂದು, "ಅಜ್ಜಿ ನಿದ್ದೆ ಮಾಡ್ತಿದ್ದಾಳೆ ಪುಟ್ಟಿ, ಇನ್ನು ಏಳಲ್ಲ," ಎಂದು ಹೇಳಿ ಕೈತೊಳೆದುಕೊಂಡಿದ್ದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಅದರ ಫಲ ಈಗ ಕಣ್ಣು ಕೆಂಪಗೆ ಮಾಡಿಕೊಂಡು ಮಂಚದ ಮೇಲೆ ಕೂತಿತ್ತು.

"ಊರಿಗೆ ಹೋದಳು ಅಂತಾದ್ರೂ ಹೇಳ್ಬೇಕಿತ್ತು," ಎಂದರು ಅಕ್ಕ.

"ಆಮೇಲೆ ನಾನು ಊರಿಗೆ ಹೊರಟ್ರೂ ಕಾಲು ಹಿಡ್ಕೊಂಡು ಅಳ್ತಾಳೆ ಅತ್ತೆ," ಎಂದಳು ತಾತನ ಮಗಳು, ಪುಟ್ಟಿಯ ತಾಯಿ. "ಅಪ್ಪಾ, ಅಮ್ಮ ಇದ್ದಿದ್ರೆ ಏನು ಮಾಡ್ತಿದ್ಲು?"

ತಾತ ಬಸ್ ಕಂಡಕ್ಟರಾಗಿದ್ದವರು, ಜೀವಮಾನವಿಡೀ ಜನರನ್ನು ಮುಂದೆ ಮುಂದೆ ಎಂದು ಸಾಗಹಾಕಿದವರು. ಮಕ್ಕಳ ಮನಸ್ಸು ಅರಿಯುವ ಕೆಲಸವನ್ನೆಲ್ಲ ಹೆಂಡತಿಗೇ ಬಿಟ್ಟು ನಿಶ್ಚಿಂತೆಯಿಂದ ಇದ್ದರು.

*

ಟೀಚರು ಒಮ್ಮೆ ತರಬೇತಿಗೆ ಹೋಗಿ ಬಂದವರು ಮನೆಯಲ್ಲಿ ವಿಚಿತ್ರವಾಗಿ ನಡೆದುಕೊಳ್ಳತೊಡಗಿದರು. "ಇವತ್ತು ಬಸ್ಸಲ್ಲಿ ಏನಾಯ್ತು?" ಎಂದು ಕೇಳುವುದು, ಕಂಡಕ್ಟರು "ಏನಿಲ್ಲ" ಎಂದರೆ ಕೈ ಬೆನ್ನ ಹಿಂದಿಟ್ಟುಕೊಂಡು ಪಿಟ್ಟೆನ್ನದೆ ಅವರ ಮುಖವನ್ನೇ ನೋಡುವುದು. ಒಂದು ವಾರ ಹೀಗೆ ನಡೆದ ಮೇಲೆ ಕಂಡಕ್ಟರು ರಜೆ ಹಾಕಿ ಹೆಂಡತಿಯನ್ನು ಕಿವಿ ಡಾಕ್ಟರ ಹತ್ತಿರ ಕರೆದೊಯ್ದರು.

ಕಿವಿ ಚೆನ್ನಾಗಿಯೇ ಇತ್ತು. ಟೀಚರು ವಾಪಸು ಬರುವಾಗ ದಾರಿಯುದ್ದಕ್ಕೂ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅಲ್ಲ ರೀ, ಮಕ್ಕಳನ್ನ ಏನಾದ್ರೂ ಕೇಳಿದ್ರೆ ನಾವು ಒಂದು ಸೆಕೆಂಡೂ ಕಾಯಲ್ವಂತೆ. ಸಂಶೋಧನೆ ಮಾಡಿದೋರು ಗಡಿಯಾರ ಹಿಡ್ಕೊಂಡು ನೋಡಿದ್ದಾರೆ. ಸ್ವಲ್ಪ ಕಾದ್ರೆ ಮಕ್ಕಳು ತಾವೇ ಯೋಚ್ನೆ ಮಾಡಿ ಮಾತಾಡ್ತಾರಂತೆ. ನಂಗೂ ಸುಮ್ನಿರೋದು ಅಭ್ಯಾಸ ಆಗ್ಬೇಕಲ್ಲ, ನಿಮ್ಮ ಮೇಲೆ ಪ್ರಯೋಗ ಮಾಡ್ದೆ. ಬೆನ್ನ ಹಿಂದೆ ಹತ್ತು ಬೆರಳು ಮಡಿಸೋ ತನಕ ತುಟಿ ಬಿಚ್ಚೋ ಹಾಗಿಲ್ಲ."

"ನಾನೇನು ಮಗುನಾ?"

ಟೀಚರು ಕೈ ಹಿಂದಕ್ಕೆ ಒಯ್ದರು. ಕಂಡಕ್ಟರಿಗೆ ತಡೆಯಲಾಗಲಿಲ್ಲ. ಯಾರೋ ಒಬ್ಬ ಮುದುಕ ಹಲ್ಲುಸೆಟ್ಟನ್ನು ಸೀಟಿನ ಮೇಲೆ ಬಿಟ್ಟು ಇಳಿದುಹೋದ ಕತೆಯನ್ನು ಮನೆ ಮುಟ್ಟುವ ತನಕ ಹೇಳಿದರು.

*

"ನಮ್ಮ ಶಾಲೆಯ ಮೊಲ ಸತ್ತಾಗ ನಾನೂ ನಿದ್ದೆ ಅಂತ್ಲೇ ಹೇಳೋಕೆ ಹೋಗಿದ್ದೆ ಸಾರ್," ಎಂದಳು ಬೆಳಗಿನಿಂದ ಟೀಚರ ಪಕ್ಕ ಕೂತು ಅತ್ತು ಅತ್ತು ಸಾಕಾಗಿದ್ದ ಶಿಶುವಿಹಾರದ ಆಯಾ. "ಟೀಚರು ಬಿಡ್ಲಿಲ್ಲ. ಇದ್ದಿದ್ದನ್ನ ಇದ್ದ ಹಾಗೇ ಹೇಳಿ, ಮಕ್ಕಳು ಏನು ಕೇಳ್ತಾವೋ ಅಂತ ಕಾಯ್ತಾ ಕೂತ್ರು. ನೀವೂ ಹಾಗೇ ಮಾಡಿ."

ಕಂಡಕ್ಟರು ಮಂಚದ ಅಂಚಿನಲ್ಲಿ ಕೂತರು. ಮಗು ಕಿರುಚಿಕೊಂಡರೆ? ಇನ್ನು ಯಾವತ್ತೂ ನಿದ್ದೆಗೆ ಹೆದರುತ್ತಲೇ ಇದ್ದರೆ?

"ಪುಟ್ಟಿ, ಅಜ್ಜಿ ನಿದ್ದೆ ಮಾಡ್ತಿಲ್ಲ. ಸತ್ತುಹೋಗಿದ್ದಾಳೆ. ಅವಳ ಎದೆ ಬಡ್ಕೊಳ್ತಿಲ್ಲ, ಅವಳು ಉಸಿರಾಡ್ತಿಲ್ಲ. ಎಲ್ಲೂ ನೋವೂ ಇಲ್ಲ. ನಿಂಗೆ ಏನನ್ಸುತ್ತೆ?"

ಕೈ ಬೆನ್ನ ಹಿಂದಕ್ಕೆ ಒಯ್ದು ಒಂದು ಬೆರಳು ಮಡಿಸಿದರು. "ಪಾಪ, ಅದಕ್ಕೇನು ತಿಳಿಯುತ್ತೆ," ಎಂದು ಅಕ್ಕ ಬಾಯಿ ಹಾಕಲು ಹೋದಾಗ ಮಗಳು ಅವರ ಕೈ ಹಿಡಿದಳು. ನಾಲ್ಕು, ಐದು. ಹೊರಗೆ ಗಾಡಿಯ ಹಾರ್ನ್ ಕೇಳಿಸಿತು. ಜೀವಮಾನದ ಚಾಳಿ, ಕಂಡಕ್ಟರು ಎದ್ದೇಬಿಡುತ್ತಿದ್ದರು. ಹಲ್ಲು ಕಚ್ಚಿ ಕೂತರು. ಹತ್ತು ಬೆರಳೂ ಮುಗಿದವು, ಮಗು ತುಟಿ ಬಿಚ್ಚಲಿಲ್ಲ. ಅವರು ಮತ್ತೆ ಮೊದಲಿನಿಂದ ಮಡಿಸತೊಡಗಿದರು.

"ನಾನು ನಿದ್ದೆ ಮಾಡಿದ್ರೆ ಉಸಿರಾಡ್ತೀನಾ?"

"ಹೂಂ."

"ನೀನು ನೋಡಿದ್ದೀಯಾ?"

"ದಿನಾ ನೋಡ್ತೀನಿ. ಗೊರಕೆ ಬೇರೆ ಹೊಡೀತೀಯ."

ಪುಟ್ಟಿ ಕಣ್ಣಿನಿಂದ ಕೈ ಇಳಿಸಿ ಎದೆಯ ಮೇಲಿಟ್ಟುಕೊಂಡಳು.

"ಗೊರಕೆ ಹೊಡೆಯೋರು ಸತ್ತಿರಲ್ಲ," ಎಂದು ತಾನೇ ತೀರ್ಪು ಕೊಟ್ಟಳು. ಆಮೇಲೆ ದಿಂಬಿಗೆ ಕೆನ್ನೆ ಕೊಟ್ಟು, "ಅಜ್ಜಿ ಬೇಕಿತ್ತು," ಎಂದು ಸ್ವಲ್ಪ ಹೊತ್ತು ಅತ್ತು, ಅಳುತ್ತಲೇ ನಿದ್ದೆಹೋದಳು.

ಕಂಡಕ್ಟರಿಗೆ ಬೆಳಗಿನಿಂದ ಬಾರದ ಅಳು ಆಗ ಬಂತು. ಅಕ್ಕ ಅವರ ಬೆನ್ನು ಸವರಿ, "ಅಳೋ, ಅತ್ತುಬಿಡು. ಗಾಡಿಯವನಿಗೆ ಸ್ವಲ್ಪ ಕಾಯೋಕೆ ಹೇಳ್ತೀನಿ," ಎಂದು ಹೊರಗೆ ಹೋದರು.

*

ಎಲ್ಲ ಮುಗಿಸಿ ಮನೆಗೆ ಮರಳಿದಾಗ ಸಂಜೆಯಾಗುತ್ತಿತ್ತು. ಕಂಡಕ್ಟರು ಚಪ್ಪಲಿ ಕಳಚುವ ಮೊದಲೇ, ಮಗುವಿನ ಕಾವಲಿಗಿದ್ದ ಆಯಾಳ ಮುಖ ನೋಡಿದರು.

"ಒಂದು ಸಲಾನೂ ಬೆಚ್ಚಿಲ್ಲ ಸಾರ್," ಎಂದಳು ಅವಳು.

ಅಷ್ಟರಲ್ಲಿ ಒಳಬಾಗಿಲು ತೆರೆಯಿತು. ಪುಟ್ಟಿ ಕೂದಲು ಕೆದರಿಕೊಂಡು ಹೊಸ್ತಿಲ ಮೇಲೆ ನಿಂತಿದ್ದಳು. ಒಂದು ಕೆನ್ನೆಯ ಮೇಲೆ ದಿಂಬಿನ ಕಸೂತಿಯ ಹೂವು ಹಾಗೇ ಅಚ್ಚೊತ್ತಿತ್ತು.

"ತಾತಾ," ಎಂದು ಮನೆಗೆಲ್ಲ ಕೇಳುವ ಹಾಗೆ ಕೂಗಿದಳು, "ನಾನು ಎದ್ದೆ!"