ಎಂಟನೇ ಹೊಲಿಗೆ

ಆ ಮೆಷಿನ್ ಮೂರನೇ ಸಲ ಅಂಗಡಿಗೆ ಬಂದ ದಿನ ಮೆಷಿನಕ್ಕನಿಗೆ ಮೊದಲ ಬಾರಿ ತನ್ನ ವಿದ್ಯೆಯ ಮೇಲೇ ಅನುಮಾನ ಹುಟ್ಟಿತು. ಇಪ್ಪತ್ತಾರು ವರ್ಷಗಳಿಂದ ಹೊಲಿಗೆ ಮೆಷಿನ್ ರಿಪೇರಿ ಮಾಡಿಕೊಂಡು ಬಂದವಳು. ಮೆಟ್ಟಿಲ ಕೆಳಗಿನ ಹತ್ತಡಿ ಅಂಗಡಿಯಲ್ಲಿ ಕೂತೇ, ಬೀದಿಯಲ್ಲಿ ಯಾರ ಮನೆಯ ಮೆಷಿನ್ ಓಡುತ್ತಿದೆ, ಯಾವುದಕ್ಕೆ ಎಣ್ಣೆ ಬೇಕಾಗಿದೆ ಎಂದು ಶಬ್ದದ ಮೇಲೆ ಹೇಳಬಲ್ಲವಳು. ಇಡೀ ಬೀದಿಗೆ ಅವಳು ಮೆಷಿನಕ್ಕ. ಗಂಡ ಕೂಡ ಒಂದೆರಡು ಸಲ ಹಾಗೇ ಕರೆದು ನಾಲಿಗೆ ಕಚ್ಚಿಕೊಂಡಿದ್ದ.

ಮೆಷಿನ್ ತಂದವರು ಮೂಲೆಮನೆಯ ಟೈಲರ್. ಕೋಟು ಹೊಲಿಯುವುದರಲ್ಲಿ ಹೆಸರು ಮಾಡಿದವರು, ಎಲ್ಲರ ಬಾಯಲ್ಲೂ ಮಾಸ್ಟ್ರು.

"ಪ್ರತಿ ಎಂಟನೇ ಹೊಲಿಗೆ ತಪ್ಪುತ್ತೆ," ಎಂದರು ಮಾಸ್ಟ್ರು. "ಏಳು ಸರಿ, ಎಂಟನೇದು ಮಾಯ. ಎಣಿಸಿ ಎಣಿಸಿ ಈಗ ಕನಸಲ್ಲೂ ಎಂಟರ ಮಗ್ಗಿ ಹೇಳ್ತಿದೀನಿ."

ಮೆಷಿನಕ್ಕ ಅದರ ತಲೆಯನ್ನು ತನ್ನ ಸ್ಟ್ಯಾಂಡಿನ ಮೇಲೆ ಕೂರಿಸಿ ಒಂದು ಮೊಳ ಬಟ್ಟೆ ಓಡಿಸಿದಳು. ಹೊಲಿಗೆ ಮುತ್ತು ಪೋಣಿಸಿದ ಹಾಗೆ ಬಂತು.

"ಇಲ್ಲಿ ತಪ್ತಿಲ್ವಲ್ಲ ಮಾಸ್ಟ್ರೇ."

"ನನ್ನ ಮನೇಲಿ ತಪ್ಪುತ್ತೆ."

"ಹಾಗಾದ್ರೆ ಮೆಷಿನ್ ಸರಿಯಾಗೇ ಇದೆ. ನಿಮ್ಮ ಕಾಲು ಸರಿಯಿಲ್ಲ."

ಮಾಸ್ಟ್ರು ತಲೆ ಬಗ್ಗಿಸಿ ತಮ್ಮ ಕಾಲುಗಳನ್ನು ನೋಡಿಕೊಂಡರು. ನಲವತ್ತು ವರ್ಷ ಪೆಡಲ್ ತುಳಿದ ಕಾಲುಗಳು. "ಈ ಕಾಲಿನ ಬಗ್ಗೆ ಇವತ್ತಿನ ತನಕ ಯಾರೂ ಒಂದು ಮಾತು ಆಡಿರಲಿಲ್ಲ," ಎಂದು ಮೆಲ್ಲಗೆ ಹೇಳಿ, ಮೆಷಿನ್ನನ್ನು ಅಲ್ಲೇ ಬಿಟ್ಟು ಹೊರಟುಹೋದರು.

ಆಡಿದ ಮಾತು ಅತಿಯಾಯಿತು ಎಂದು ಮೆಷಿನಕ್ಕನಿಗೂ ಅನ್ನಿಸಿತು. ಆದರೆ ಅವರ ಮನೆಗೆ ಹೋಗಿ ನೋಡಲು ಮನಸ್ಸು ಒಪ್ಪಲಿಲ್ಲ. ರೋಗಿ ಡಾಕ್ಟರ ಹತ್ತಿರ ಬರುವ ಹಾಗೆ ಮೆಷಿನ್ ತನ್ನ ಹತ್ತಿರ ಬರಬೇಕು ಎಂಬುದು ಅವಳ ಪದ್ಧತಿ. ಒಂದು ವಾರ ಮೆಷಿನ್ನಿನ ಒಳಗನ್ನೆಲ್ಲ ಬಿಚ್ಚಿ, ತೊಳೆದು, ಜೋಡಿಸಿದಳು. ತಪ್ಪು ಸಿಗಲಿಲ್ಲ, ಹಸಿವೂ ಹೋಯಿತು.

ಊಟದ ತಟ್ಟೆಯ ಮುಂದೆ ಸುಮ್ಮನೆ ಕೂತಿದ್ದವಳನ್ನು ನೋಡಿ ನಾದಿನಿ ವಿಷಯ ಕೇಳಿದಳು. ಗಂಡನ ತಂಗಿ, ಲೈಬ್ರರಿಯಲ್ಲಿ ಕೆಲಸ. ಔಷಧದ ಡಬ್ಬಿಯೊಳಗಿನ ಚೀಟಿಯನ್ನೂ ಕೊನೆಯ ಸಾಲಿನ ತನಕ ಓದುವ ಜೀವ.

"ಅತ್ತಿಗೆ, ಇಂಟರ್‌ನೆಟ್ಟಲ್ಲಿ ನಿಮ್ಮಂಥ ರಿಪೇರಿಯವರದೇ ಒಂದು ಗುಂಪಿದೆ. ನಾನೂರು ಜನ ಇದಾರೆ. ಅಲ್ಲಿ ಕೇಳಿ."

"ಸೇರಿಸು ಮತ್ತೆ."

"ಅವರ ಸರ್ವರ್‌ನಲ್ಲಿ ಹೊಸಬರಿಗೆ ಜಾಗ ಇಲ್ಲ ಅಂತ ಬಾಗಿಲು ಹಾಕಿದಾರೆ. ಪರವಾಗಿಲ್ಲ. ಇದು ಒಂದೇ ಕಂಪನಿ ನಡೆಸೋ ಜಾಗ ಅಲ್ಲ. ನೂರಾರು ಸಣ್ಣ ಸರ್ವರ್, ಒಂದೊಂದನ್ನ ಒಬ್ಬೊಬ್ಬರು ನೋಡ್ಕೊತಾರೆ. ನೀವು ಒಂದು ಮನೇಲಿ ಬಾಡಿಗೆಗಿದ್ದು ಇನ್ನೊಂದು ಮನೆ ಜಗಲಿ ಮೇಲೆ ಹರಟೆಗೆ ಕೂತ ಹಾಗೆ. ಎಲ್ಲಿ ಖಾತೆ ತೆರೆದ್ರೂ ಆ ಗುಂಪಿಗೆ ಸೇರಬಹುದು."

"ಹಾಗಾದ್ರೆ ಒಳ್ಳೆ ಮನೆ ನೋಡು. ಜಗಳಗಂಟರು ಬೇಡ."

ನಾದಿನಿ ಎರಡು ದಿನ ಕೂತು ಮೂವತ್ತೊಂದು ಸರ್ವರ್‌ಗಳ ನಿಯಮ ಓದಿದಳು. ಅವಳಿಗೆ ಹಿಡಿಸಿದ್ದು ಜೇನು ಸಾಕುವವರ ಸರ್ವರ್. ಅಲ್ಲಿದ್ದ ನಿಯಮ ಮೂರೇ: ಕೂಗಾಡಬಾರದು, ಅವಸರ ಮಾಡಬಾರದು, ಕೇಳದೆ ಇನ್ನೊಬ್ಬರ ಪೆಟ್ಟಿಗೆ ತೆಗೆಯಬಾರದು.

"ಇಷ್ಟು ಮರ್ಯಾದಸ್ಥರು ಬೇರೆ ಎಲ್ಲೂ ಕಾಣಲಿಲ್ಲ ಅತ್ತಿಗೆ."

ಅರ್ಜಿಯಲ್ಲಿ ಒಂದೇ ಪ್ರಶ್ನೆ: ಯಾಕೆ ಸೇರಬೇಕೆಂದಿದ್ದೀರಿ? ನಾಲ್ಕು ಸಾಲು ಜೇನಿನ ಮೇಲೆ ಪ್ರೀತಿ ತೋರಿಸಿ ಬರೆಯೋಣ ಎಂದಳು ನಾದಿನಿ. ಮೆಷಿನಕ್ಕ ಒಪ್ಪಲಿಲ್ಲ. ತಾನೇ ಒಂದೊಂದು ಅಕ್ಷರ ಒತ್ತಿ ಬರೆದಳು: "ನನಗೆ ಜೇನು ಸಾಕಲು ಬರುವುದಿಲ್ಲ. ಕಚ್ಚಿದರೆ ಊದಿಕೊಳ್ಳುತ್ತದೆ. ಹೊಲಿಗೆ ಮೆಷಿನ್‌ನವರ ಗುಂಪಿಗೆ ಹೋಗಲು ನಿಮ್ಮಲ್ಲಿ ಜಾಗ ಬೇಕು. ಗಲಾಟೆ ಮಾಡುವುದಿಲ್ಲ."

ಮರುದಿನವೇ ಒಪ್ಪಿಗೆ ಬಂತು. ಸರ್ವರ್ ನೋಡಿಕೊಳ್ಳುತ್ತಿದ್ದ ಮನುಷ್ಯ, ಜೇನುಹುಳಕ್ಕೆ ಹೊಗೆ ಹಾಕುವ ಡಬ್ಬಿಯ ಹೆಸರಲ್ಲಿ, ತನ್ನನ್ನು ಹೊಗೆಡಬ್ಬಿ ಎಂದು ಕರೆದುಕೊಳ್ಳುತ್ತಿದ್ದ. "ಇಲ್ಲಿರೋ ಎಲ್ಲರಿಗೂ ಕಚ್ಚಿದ್ರೆ ಊದುತ್ತೆ. ಬನ್ನಿ," ಎಂದು ಬರೆದಿದ್ದ.

ನಾದಿನಿ ಗುಂಪಿನ ಉದ್ದದ ವಿಳಾಸವನ್ನು ಹುಡುಕುವ ಪೆಟ್ಟಿಗೆಯಲ್ಲಿ ಹಾಕಿದಳು. ಗುಂಪಿನ ಹೆಸರು ಬಂತು, ಒಳಗೆ ಒಂದು ಪೋಸ್ಟೂ ಇಲ್ಲ. "ಸೇರು" ಎಂಬುದನ್ನು ಒತ್ತಿದರೆ "ಕಾಯಲಾಗುತ್ತಿದೆ" ಎಂದು ಬಂತು.

"ನಾನೂರು ಜನ ಅಂದೆ. ಒಂದು ನೊಣವೂ ಇಲ್ವಲ್ಲೇ ಇಲ್ಲಿ."

"ಈ ಮನೆಯಿಂದ ಇದುವರೆಗೆ ಯಾರೂ ಅಲ್ಲಿಗೆ ಹೋಗಿಲ್ಲ ಅನ್ಸುತ್ತೆ ಅತ್ತಿಗೆ. ಮೊದಲನೆಯವರು ಸೇರಿದ ಮೇಲೆ ಅಲ್ಲಿನ ಮಾತು ಇಲ್ಲಿಗೆ ಬರೋಕೆ ಶುರುವಾಗುತ್ತೆ. ಸ್ವಲ್ಪ ತಡೀರಿ."

ಮೆಷಿನಕ್ಕ ಒಂಬತ್ತು ದಿನ ತಡೆದಳು. ಅಷ್ಟರಲ್ಲಿ ಅಕ್ಕಪಕ್ಕದ ಜೇನಿನವರ ಮಾತನ್ನೆಲ್ಲ ಓದುತ್ತ, ಯಾರದೋ ರಾಣಿಹುಳ ಕಳೆದುಕೊಂಡ ಗೂಡು ಹೇಗೆ ಸದ್ದು ಮಾಡುತ್ತಿದೆ, ಚಳಿಗಾಲಕ್ಕೆ ಪೆಟ್ಟಿಗೆಯನ್ನು ಯಾವ ಕಡೆ ತಿರುಗಿಸಬೇಕು ಎಂಬುದೆಲ್ಲ ಅವಳಿಗೆ ಬಾಯಿಪಾಠವಾಯಿತು. "ಕಾಯಲಾಗುತ್ತಿದೆ" ಮಾತ್ರ ಹಾಗೇ ಇತ್ತು. ಹತ್ತನೇ ದಿನ ಹೊಗೆಡಬ್ಬಿಯನ್ನೇ ಕೇಳಿದಳು.

ಉತ್ತರ ಬರುವುದು ತಡವಾಯಿತು. ಬರೆದದ್ದರಲ್ಲೂ ಸಂಕೋಚ ಕಾಣುತ್ತಿತ್ತು. "ಅಮ್ಮಾ, ನೀವು ಅರ್ಜೀಲಿ ಬರೆದದ್ದು ಯಾವುದೋ ಬೇರೆ ಗುಂಪು ಅಂದ್ಕೊಂಡಿದ್ದೆ. ಆ ಹೊಲಿಗೆಯವರ ಸರ್ವರ್‌ಗೂ ನಮಗೂ ನಾಲ್ಕು ವರ್ಷದಿಂದ ಸಂಬಂಧ ಇಲ್ಲ. ನಾನೇ ಕಡಿದು ಹಾಕಿದೀನಿ."

ಆಗಿದ್ದು ಇಷ್ಟು. ಜೇನಿನವರು ಮುಖಕ್ಕೆ ಹಾಕಿಕೊಳ್ಳುವ ಬಲೆಟೋಪಿ ಹೊಲಿದುಕೊಡಿ ಎಂದು ಹೊಲಿಗೆಯವರನ್ನು ಕೇಳಿದ್ದರು. "ಮೂರರ ಬಲೆ ಇರಲಿ" ಎಂದೂ ಹೇಳಿದ್ದರು. ಟೋಪಿಗಳೇನೋ ಬಂದವು, ಚೆಂದವಾಗಿಯೂ ಇದ್ದವು. ಮೊದಲ ದಿನವೇ ಬಲೆಯ ತೂತಿನಿಂದ ಹುಳುಗಳು ಒಳಗೆ ಬಂದವು, ಹೊರಗೆ ಹೋಗುವ ದಾರಿ ಅವಕ್ಕೆ ತಿಳಿಯಲಿಲ್ಲ. ಹನ್ನೊಂದು ಜನರ ಮುಖ ಊದಿತು.

"ನನ್ನ ಬಲಗಣ್ಣು ನಾಲ್ಕು ದಿನ ತೆರೀಲಿಲ್ಲ. ಎಡಗಣ್ಣಲ್ಲಿ ನೋಡ್ಕೊಂಡೇ ಅವರ ಸಂಬಂಧ ಕಡಿದೆ," ಎಂದು ಹೊಗೆಡಬ್ಬಿ ಬರೆದ. "ಅಲ್ಲಿನ ಯಜಮಾನಿ ಒಬ್ಬಳಿದಾಳೆ, ಕತ್ತರಿ ಅಂತ. ಇಷ್ಟಾದ ಮೇಲೆ ಅವಳು ಕೇಳಿದ್ದೇನು ಗೊತ್ತಾ? ಹೊಲಿಗೆ ನೀಟಾಗಿತ್ತೋ ಇಲ್ವೋ, ಅದನ್ನ ಹೇಳಿ ಅಂದಳು."

ಓದಿದ ಮೆಷಿನಕ್ಕನಿಗೆ ನಗು ಬಂತು. ಕೂಡಲೇ ಇನ್ನೊಂದು ಸಂಶಯವೂ ಬಂತು.

"ಮೂರರ ಬಲೆ ಅಂದ್ರೆ ಏನು ಮೂರು?"

"ತೂತು ಮೂರು ಮಿಲಿಮೀಟರ್. ಅದು ಎಲ್ಲರಿಗೂ ಗೊತ್ತಿರೋದೇ ಅಲ್ವಾ."

ಎಲ್ಲರಿಗೂ ಗೊತ್ತಿರಲಿಲ್ಲ. ಬಲೆಬಟ್ಟೆ ಮಾರುವವರಲ್ಲಿ ಮೂರನೇ ನಂಬರ್ ಎಂದರೆ ಕಿರುಬೆರಳು ತೂರುವ ಬಲೆ ಎಂದು ಮೆಷಿನಕ್ಕ ಬಲ್ಲಳು. ಇವರು ಕೇಳಿದ್ದೂ ಮೂರೇ, ಅವರು ಹಾಕಿದ್ದೂ ಮೂರೇ. ತನ್ನ ಪ್ರಶ್ನೆ ಆಮೇಲೆ, ಮೊದಲು ಈ ಮಾತನ್ನು ಕತ್ತರಿಗೆ ಮುಟ್ಟಿಸಬೇಕು, ಆದರೆ ಈ ಮನೆಯಿಂದ ಆ ಮನೆಗೆ ಮಾತೇ ದಾಟುವುದಿಲ್ಲ. ನಾದಿನಿಯ ಖಾತೆ ಇದ್ದದ್ದು ಲೈಬ್ರರಿಯವರ ಸರ್ವರ್‌ನಲ್ಲಿ. ಅದಕ್ಕೆ ಎರಡೂ ಕಡೆ ಬಳಕೆಯಿತ್ತು. ಹಾಗಾಗಿ ಜೇನಿನವರ ಮಾತನ್ನು ಹೊಲಿಗೆಯವರಿಗೆ, ಹೊಲಿಗೆಯವರ ಮಾತನ್ನು ಜೇನಿನವರಿಗೆ ತಲುಪಿಸುವ ಕೆಲಸ ಅವಳ ಪಾಲಿಗೆ ಬಿತ್ತು.

"ಬೈದದ್ದನ್ನೂ ಹಾಗೇ ದಾಟಿಸಲಾ ಅತ್ತಿಗೆ?"

"ಬೈದದ್ದನ್ನ ನುಂಗ್ಕೊ. ಅಳತೆ ಮಾತ್ರ ದಾಟಿಸು."

ನಾದಿನಿ ಐದು ದಿನ ನುಂಗಿಕೊಂಡಳು. ಆರನೇ ದಿನ ಎರಡೂ ಕಡೆಯವರು ಒಪ್ಪುವ ಒಂದು ವಾಕ್ಯ ತಯಾರಾಯಿತು: "ಅಳತೆಯ ವಿಷಯದಲ್ಲಿ ಇಬ್ಬರ ಮೂರೂ ಸರಿಯಾಗಿತ್ತು, ಹೊಲಿಗೆಯೂ ನೀಟಾಗಿತ್ತು." ಕೊನೆಯ ಎರಡು ಪದಗಳಿಲ್ಲದೆ ಕತ್ತರಿ ಒಪ್ಪಿರಲಿಲ್ಲ. ಹೊಗೆಡಬ್ಬಿ ಒಂದು ತಿಂಗಳ ಮಟ್ಟಿಗೆ ನೋಡೋಣ ಎಂದು ಕಡಿದ ಸಂಬಂಧವನ್ನು ಮತ್ತೆ ಕೂಡಿಸಿದ. ನಾದಿನಿ ವಿಳಾಸ ಹಾಕಿ ಮತ್ತೊಮ್ಮೆ ಒತ್ತಿದಳು. "ಸೇರಿದ್ದೀರಿ" ಎಂದು ಬಂತು.

ಮೆಷಿನಕ್ಕ ಕೈ ಒರೆಸಿಕೊಂಡು ತನ್ನ ಪ್ರಶ್ನೆ ಬರೆದಳು. ಸಂಜೆಯೊಳಗೆ ನಲವತ್ತಮೂರು ಉತ್ತರ ಬಂದವು. ಸೂಜಿ ಬದಲಾಯಿಸಿ ಎಂದರು. ಸೂಜಿ ಮುಟ್ಟಲೇಬೇಡಿ ಎಂದರು. ಬಾಬಿನ್ ಎಂದು ಒಬ್ಬ, ದಾರ ಎಂದು ಇನ್ನೊಬ್ಬ. ಅವರಿಬ್ಬರಿಗೇ ಜಗಳ ಹತ್ತಿಕೊಂಡು ಅವಳ ಪ್ರಶ್ನೆ ಮೂಲೆಗೆ ಬಿತ್ತು. ಹೊಲಿಯುವವರ ಕಾಲು ಸರಿಯಿಲ್ಲದಿರಬಹುದು ಎಂದು ಒಬ್ಬ ಬರೆದದ್ದನ್ನು ನೋಡಿ ಮೆಷಿನಕ್ಕನಿಗೆ ಒಂದು ಕ್ಷಣ ಸಮಾಧಾನ, ಮರುಕ್ಷಣ ನಾಚಿಕೆ. ಹೇಳಿದ್ದನ್ನೆಲ್ಲ ಒಂದೊಂದಾಗಿ ಮಾಡಿ ನೋಡಿದಳು. ಅವಳ ಸ್ಟ್ಯಾಂಡಿನ ಮೇಲೆ ಮೆಷಿನ್ ಮೊದಲೂ ಸರಿಯಾಗಿ ಹೊಲಿಯುತ್ತಿತ್ತು, ಈಗಲೂ ಸರಿಯಾಗಿ ಹೊಲಿಯಿತು.

ಆಗ ಹೊಗೆಡಬ್ಬಿಯಿಂದ ನಾಲ್ಕು ಸಾಲು ಬಂತು. "ನಾನು ಹೊಲಿಗೆಯವನಲ್ಲ, ತಪ್ಪಾಗಿದ್ರೆ ಬಿಟ್ಟುಬಿಡಿ. ನಾವು ಜೇನು ತೆಗೆಯೋ ಡ್ರಮ್ಮಿಗೆ ಒಂದು ಬೆಲ್ಟ್ ಇದೆ. ಎರಡು ತುದಿ ಸೇರಿಸಿದ ಕಡೆ ಕ್ಲಿಪ್ ಎದ್ದಿತ್ತು. ಅದು ಚಕ್ರದ ಮೇಲೆ ಹಾದುಹೋದಾಗೆಲ್ಲ ಒಂದು ಸಲ ಧಕ್ ಅಂತಿತ್ತು. ನಿಮ್ಮ ಮಾಸ್ಟ್ರ ಮನೇಲಿ ಬೆಲ್ಟ್ ಒಂದು ಸುತ್ತು ಬರೋಕೆ ಎಷ್ಟು ಹೊಲಿಗೆ ಆಗುತ್ತೆ?"

ಮೆಷಿನಕ್ಕ ಫೋನನ್ನು ಮೆಲ್ಲಗೆ ಕೆಳಗಿಟ್ಟಳು. ಬೆಲ್ಟ್ ಇದ್ದದ್ದು ಮಾಸ್ಟ್ರ ಮನೆಯ ಸ್ಟ್ಯಾಂಡಿನಲ್ಲಿ. ಮೂರು ಸಲವೂ ತಲೆ ಮಾತ್ರ ಅಂಗಡಿಗೆ ಬಂದಿತ್ತು; ಬೆಲ್ಟ್ ಮನೆಯಲ್ಲೇ ಕೂತಿತ್ತು.

ಇಪ್ಪತ್ತಾರು ವರ್ಷಗಳಲ್ಲಿ ಮೊದಲ ಬಾರಿ ಅವಳು ಗಿರಾಕಿಯ ಮನೆ ಬಾಗಿಲು ತಟ್ಟಿದಳು. ಮಾಸ್ಟ್ರು ಬಾಗಿಲು ತೆಗೆದು, ಒಳಗೆ ಬನ್ನಿ ಎನ್ನದೆ ಪಕ್ಕಕ್ಕೆ ಸರಿದು ನಿಂತರು. ಅವಳು ತಲೆಯನ್ನು ಕೂರಿಸಿ, ಬೆಲ್ಟಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಕೈಯಿಂದಲೇ ಚಕ್ರ ತಿರುಗಿಸುತ್ತ ಹೊಲಿಗೆ ಎಣಿಸಿದಳು. ಗೆರೆ ಸುತ್ತು ಹೊಡೆದು ವಾಪಸ್ ಬಂದಾಗ ಎಂಟು. ಕ್ಲಿಪ್ಪಿನ ಒಂದು ತುದಿ ಅಕ್ಕಿಕಾಳಿನಷ್ಟು ಮೇಲೆದ್ದಿತ್ತು. ಇಕ್ಕಳದಿಂದ ಒಮ್ಮೆ ಅದುಮಿದಳು.

"ಈಗ ತುಳೀರಿ ಮಾಸ್ಟ್ರೇ."

ಮಾಸ್ಟ್ರು ಕೂತು ತುಳಿದರು. ಹೊಲಿಗೆ ಒಂದೂ ತಪ್ಪದೆ ಬಟ್ಟೆಯ ತುದಿಯ ತನಕ ಓಡಿತು. ಅವರು ಇನ್ನೊಂದು ಚಿಂದಿ ತೆಗೆದುಕೊಂಡು ಹೊಲಿದರು, ಆಮೇಲೆ ಮತ್ತೊಂದು. ನಾಲ್ಕನೆಯದಕ್ಕೆ ಕೈ ಹಾಕಿದಾಗ ಮೆಷಿನಕ್ಕನೇ ಮಾತು ತೆಗೆದಳು.

"ಕಾಲಿನ ವಿಷಯಕ್ಕೆ ನಾನು ಹಾಗೆ ಅನ್ನಬಾರದಿತ್ತು."

"ಯಾವ ಕಾಲು?"

"ಎರಡೂ."

ಮಾಸ್ಟ್ರು ನಕ್ಕರು. ಕುರ್ಚಿ ಎಳೆದು ಕೂರಿಸಿದರು. ಎಂದೋ ಹೊಲಿದ ಕೋಟುಗಳ ಕಥೆ ಕೇಳಿ ಮುಗಿಯುವ ಹೊತ್ತಿಗೆ ಅಂಗಡಿಯ ಮುಂದೆ ಮೂವರು ಗಿರಾಕಿಗಳು ಕಾಯುತ್ತಿದ್ದರು.

ಗುಂಪಿನಲ್ಲೂ ಅವಳು ಏನನ್ನೂ ಮುಚ್ಚಿಡಲಿಲ್ಲ. ತಪ್ಪು ಬೆಲ್ಟಿನದು, ಹಿಡಿದವನು ಜೇನಿನವನು ಎಂದು ಬರೆದಳು. ಆಮೇಲೆ ಕತ್ತರಿಯೇ ಬರೆದಳು: "ಹದಿನಾಲ್ಕು ಹೊಸ ಟೋಪಿ ಹೊಲೀತಿದೀವಿ. ಬಲೆಯ ತೂತನ್ನ ನಾನೇ ಸ್ಕೇಲ್ ಇಟ್ಟು ಅಳೆದಿದೀನಿ." ಒಂದು ತಿಂಗಳು ಮುಗಿದು ಎರಡನೆಯದೂ ನಡೆಯುತ್ತಿತ್ತು. ಗಡುವಿನ ಮಾತನ್ನು ಹೊಗೆಡಬ್ಬಿ ಎತ್ತಲಿಲ್ಲ, ಯಾರೂ ನೆನಪಿಸಲಿಲ್ಲ. ಗುಂಪಿನೊಡನೆ ಬಳಕೆಯಿದ್ದ, ಹೊಸಬರಿಗೆ ಜಾಗವೂ ಇದ್ದ ಇನ್ನೊಂದು ಸರ್ವರ್‌ಗೆ ಖಾತೆ ಬದಲಾಯಿಸಿಕೊಳ್ಳಬಹುದು ಎಂದು ನಾದಿನಿ ಹೇಳಿದಾಗ ಮೆಷಿನಕ್ಕ ಬೇಡವೆಂದಳು. ರಾಣಿಹುಳ ಕಳೆದುಕೊಂಡ ಆ ಗೂಡಿನ ಕಥೆ ಏನಾಯಿತೆಂದು ಅವಳಿಗೆ ಇನ್ನೂ ತಿಳಿದಿರಲಿಲ್ಲ.

ಒಂದು ಬೆಳಿಗ್ಗೆ ಅವಳು ಅಂಗಡಿಗೆ ಹೊರಡುವ ಹೊತ್ತಿಗೆ ಗುಂಪಿನಲ್ಲಿ ಗದ್ದಲ ಎದ್ದಿತ್ತು. ದೂರದ ಯಾವುದೋ ದೇಶದ ರಿಪೇರಿಯವನ ಬಳಿ, ಗೋದಾಮಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಮೆಷಿನ್ ಬಂದಿತ್ತು. ಮೇಜಿನ ಡ್ರಾಯರ್ ಎಳೆದರೆ ಒಳಗೆಲ್ಲ ಜೇನುಹುಳ. ನಾನೂರು ಜನರೂ ಸಲಹೆ ಕೊಡುತ್ತಿದ್ದರು. ಎಣ್ಣೆ ಬಿಡಿ ಎಂದಿದ್ದ ಒಬ್ಬ. ಯಾವ ನಂಬರಿನ ಎಣ್ಣೆ ಎಂದು ಇನ್ನೊಬ್ಬ ವಿಚಾರಿಸುತ್ತಿದ್ದ.

ಮೆಷಿನಕ್ಕ ಚಪ್ಪಲಿ ಮೆಟ್ಟಿದವಳು ಬಾಗಿಲಲ್ಲೇ ನಿಂತು, ಬರೆಯುವುದನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತ ಒತ್ತಿದಳು: "ಡ್ರಾಯರ್ ಮುಚ್ಚಿಡಿ. ಯಾರೂ ಏನೂ ಬಿಡಬೇಡಿ. ನಮ್ಮನೆಯವರನ್ನ ಕೇಳಿ ಬರ್ತೀನಿ."

ಒಳಗೆ ಮುಖಕ್ಷೌರ ಮಾಡಿಕೊಳ್ಳುತ್ತಿದ್ದ ಗಂಡ ಅರ್ಧ ಕೆನ್ನೆಯ ನೊರೆಯ ಸಮೇತ ಹೊರಗೆ ಬಂದ. "ಜೇನಿನ ವಿಷಯ ನನ್ನನ್ನ ಏನೇ ಕೇಳ್ತೀಯ? ನನಗೇನು ಗೊತ್ತು?"

"ನಿಮ್ಮನ್ನಲ್ಲ," ಎಂದು ಮೆಷಿನಕ್ಕ ತಲೆ ಎತ್ತದೆ ಹೇಳಿ, ಹೊಗೆಡಬ್ಬಿಗೆ ಬರೆಯತೊಡಗಿದಳು.